ಲೋಟ ತೊಳೆಯದೆ ಕೊಡಿ

ಜರ್ಮನಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಓಣಿಯ ಮಕ್ಕಳು ಚಾಕೊಲೇಟು ಕೇಳಿದರು. ಹೆಂಗಸರು ಫೋಟೋ ಕೇಳಿದರು. ನಮ್ಮ ಮನೆಯವರು ಅಲ್ಲಿ ಚಳಿ ಎಷ್ಟಿತ್ತು ಎಂದು ಕೇಳಿದರು. ಚಾಕೊಲೇಟು ಹಂಚಿದೆ, ಫೋಟೋ ತೋರಿಸಿದೆ, ಚಳಿಯನ್ನು ಸ್ವಲ್ಪ ಹೆಚ್ಚಿಗೆ ಸೇರಿಸಿಯೇ ಹೇಳಿದೆ. ಆದರೆ ಅಲ್ಲಿಂದ ನಾನು ಹೊತ್ತು ತಂದ ದೊಡ್ಡ ಸಾಮಾನೆಂದರೆ ಸಿಟ್ಟು. ಅದರ ವಿಷಯ ಯಾರೂ ಕೇಳಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಹೊರಡುವ ಮೊದಲು, ಮರ್ಫಿ ಟೌನ್

ನಾನು ಬೆಂಗಳೂರಿನ ಮರ್ಫಿ ಟೌನಿನ ಒಂದು ಅಂಗನವಾಡಿಯಲ್ಲಿ ಕಾರ್ಯಕರ್ತೆ. ನಮ್ಮ ಓಣಿಯ ತುದಿಯಲ್ಲಿ ಬುದ್ಧ ವಿಹಾರವಿದೆ. ಅದರ ಪಕ್ಕದ ಕೋಣೆಯಲ್ಲಿ ಸ್ಟೀಲ್ ತಟ್ಟೆ, ಲೋಟ, ಬಟ್ಟಲು, ಸೌಟುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದೇವೆ. ಯಾರ ಮನೆಯಲ್ಲಿ ನಾಮಕರಣವಿರಲಿ, ತಿಥಿ ಇರಲಿ, ಬಂದು ಕೇಳಿದರೆ ಕೊಡುತ್ತೇವೆ. ಊಟವಾದ ಮೇಲೆ ತಂದುಕೊಟ್ಟರೆ ಸಾಕು. ತೊಳೆಯುವುದು, ಒರೆಸುವುದು, ಎಣಿಸಿ ಇಡುವುದು ನನ್ನದು ಮತ್ತು ಪಕ್ಕದ ಮನೆಯ ಸೆಲ್ವಿಯದು. ಓಣಿಯಲ್ಲಿ ಇದಕ್ಕೆ ತಟ್ಟೆ ಮನೆ ಎಂದೇ ಹೆಸರು.

ಶುರುಮಾಡಿದ್ದು ಸಮಾಜ ಸೇವೆಗಲ್ಲ. ಮದುವೆ ಮುಗಿದ ಮಾರನೆಯ ದಿನ ಎಸೆದ ಪ್ಲಾಸ್ಟಿಕ್ ಲೋಟ, ಥರ್ಮೋಕೋಲ್ ತಟ್ಟೆಗಳೆಲ್ಲ ಮೋರಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಮಳೆ ಬಂದರೆ ಆ ಮೋರಿಯ ನೀರು ನೇರ ನನ್ನ ಅಂಗನವಾಡಿಗೆ ನುಗ್ಗುತ್ತಿತ್ತು. ಮಕ್ಕಳನ್ನು ಬೆಂಚಿನ ಮೇಲೆ ಹತ್ತಿಸಿ ನಾನು ಪೊರಕೆ ಹಿಡಿದು ನಿಲ್ಲುತ್ತಿದ್ದೆ. ಮೂರು ಮಳೆಗಾಲ ಸಹಿಸಿಕೊಂಡು ಆಮೇಲೆ ತಟ್ಟೆ ಕೂಡಿಸಲು ಹೊರಟೆವು.

ನಮ್ಮ ಓಣಿಗಳಲ್ಲಿ ತಟ್ಟೆ ಚೆನ್ನಾಗಿ ಓಡಾಡಿತು. ಆದರೆ ಮೇನ್ ರೋಡು ದಾಟಲಿಲ್ಲ. ಇಂದಿರಾನಗರದ ಅಪಾರ್ಟ್‌ಮೆಂಟುಗಳಿಂದ ಹೆಂಗಸರು ಬಂದರು, ಹೊಗಳಿದರು, ಫೋಟೋ ತೆಗೆದುಕೊಂಡರು, ತಟ್ಟೆ ಮಾತ್ರ ಬಿಟ್ಟು ಹೋದರು. ಅವರಲ್ಲೊಬ್ಬಾಕೆ ಬಹಳ ಮೆತ್ತಗೆ, "ಯಾರ್ಯಾರು ತಿಂದಿರ್ತಾರೋ ಏನೋ ಅಲ್ವಾ" ಎಂದರು. ಹೋಟೆಲಿನ ತಟ್ಟೆಯಲ್ಲಿ ಯಾರು ಯಾರು ತಿಂದಿರುತ್ತಾರೆ ಎಂದು ಅವರು ವಿಚಾರಿಸುತ್ತಾರೋ ಇಲ್ಲವೋ ನಾನು ಕೇಳಲಿಲ್ಲ. ಆ ಕಡೆಯವರು ಒಂದೇ ಒಂದು ಸಲ ನಮ್ಮ ತಟ್ಟೆಯಲ್ಲಿ ಕೂತು ಉಣ್ಣಬೇಕು ಎನ್ನುವುದು ನನಗೆ ಹಟವಾಗಿಬಿಟ್ಟಿತ್ತು. ಮೋರಿಯ ವಿಷಯ ಆ ಹೊತ್ತಿಗೆ ಹಿಂದೆ ಬಿದ್ದಿತ್ತು.

ಆಗ ಬಂದವರು ವತ್ಸಲಾ ಮೇಡಂ. ಕೆ.ಆರ್. ಪುರದ ಕಡೆ ವಿಮಾ ನೌಕರರ ಕಾಲೋನಿಯಲ್ಲಿ ಅವರ ಮನೆ. ಅಧಿಕಾರಿಯಾಗಿ ನಿವೃತ್ತರಾದವರು, ಕಾಲೋನಿಯ ಮಹಿಳಾ ಸಂಘದ ಅಧ್ಯಕ್ಷೆ. ಪ್ಲಾಸ್ಟಿಕ್ ಎಂದರೆ ಉರಿದು ಬೀಳುತ್ತಾರೆ. ತರಕಾರಿಯವನು ಕವರ್ ತೆಗೆದರೆ ಅವನ ಕೈಯಿಂದಲೇ ಕಿತ್ತುಕೊಂಡು ಬಯ್ಯುತ್ತಾರೆ. ಅವರ ಚೀಲದಲ್ಲಿ ಯಾವಾಗಲೂ ಮುಚ್ಚಳವಿರುವ ಒಂದು ಸ್ಟೀಲ್ ಲೋಟ. ತಟ್ಟೆ ಮನೆಗೆ ಬಂದಾಗಲೆಲ್ಲ ನಾನು ಟೀ ಮಾಡಿ ನಮ್ಮ ಲೋಟಕ್ಕೆ ಬಗ್ಗಿಸಲು ಹೋದರೆ ನಕ್ಕು ತಮ್ಮದನ್ನು ಮುಂದೆ ಹಿಡಿಯುತ್ತಿದ್ದರು.

"ನಂದು ನಂಗಿದೆ ರತ್ನಾ. ನಿಮ್ಗೆ ಸುಮ್ನೆ ಯಾಕೆ ಇನ್ನೊಂದು ಲೋಟ ತೊಳೆಯೋ ಕೆಲಸ?"

ಟೀ ಹಾಕಿಸಿಕೊಂಡು, ಒಂದು ಗಳಿಗೆ ಕೈಯಲ್ಲಿ ಹಿಡಿದು ಮಾತಾಡಿ, ಮುಚ್ಚಳ ತಿರುಗಿಸಿ ಚೀಲಕ್ಕೆ ಇಳಿಸುತ್ತಿದ್ದರು. "ದಾರೀಲಿ ಕುಡೀತೀನಿ."

ನನಗೆ ಅದು ಎಷ್ಟು ಹಿಡಿಸಿತೆಂದರೆ ಶಿವಾಜಿನಗರದ ಪಾತ್ರೆ ಅಂಗಡಿಯಲ್ಲಿ ಹುಡುಕಿ ಅಂಥದ್ದೇ ಲೋಟ ತಂದುಕೊಂಡೆ. ಸೆಲ್ವಿಗೂ ಕೊಡಿಸಿದೆ. ಅಂಗನವಾಡಿಗೆ ಬರುವ ತಾಯಂದಿರಿಗೆಲ್ಲ ಮೇಡಂ ಕಥೆ ಹೇಳಿ ಹೇಳಿ ಅರ್ಧ ಓಣಿ ಲೋಟ ಹಿಡಿದು ತಿರುಗುವಂತೆ ಮಾಡಿದೆ.

ಜರ್ಮನಿಯ ಒಂದು ಪಟ್ಟಣದಲ್ಲಿ ಹಬ್ಬ ಹುಣ್ಣಿಮೆಗೆ ತಟ್ಟೆ, ಲೋಟ ಎರವಲು ಕೊಡುವ ಹೆಂಗಸರ ಗುಂಪೊಂದಿದೆಯಂತೆ. ಅವರು ನಮ್ಮಂಥವರನ್ನು ಬೇರೆ ಬೇರೆ ದೇಶಗಳಿಂದ ಕರೆಸಿ ಸಭೆ ಮಾಡುತ್ತಿದ್ದರು. ಮೇಡಂ ನಮ್ಮ ಬಗ್ಗೆ ಅವರಿಗೆ ಬರೆದು, ನನಗೂ ಕರೆ ಬರುವಂತೆ ಮಾಡಿದರು. ನನ್ನ ಇಂಗ್ಲಿಷು ಅರ್ಥವಾಗುವಷ್ಟಿದೆ, ಆಡುವಷ್ಟಿಲ್ಲ. ಹಾಗಾಗಿ ಅವರೇ ಜೊತೆಗೆ ಹೊರಟರು. ಹೊರಡುವ ವಾರ ತಟ್ಟೆ ಮನೆಗೆ ಬಂದು ಸೆಲ್ವಿಯ ಎದುರಿಗೇ ಮಾತು ಕೊಟ್ಟರು.

"ನವೆಂಬರ್ ಒಂದಕ್ಕೆ ನಮ್ಮ ಕಾಲೋನಿ ರಾಜ್ಯೋತ್ಸವದ ಊಟ ಇರುತ್ತಲ್ಲ, ಈ ಸಲ ನಿಮ್ಮ ತಟ್ಟೇಲೇ. ನಾನು ಹೇಳಿದ್ಮೇಲೆ ಮುಗೀತು."

ಅವರು ಹೋದ ಮೇಲೆ ಸೆಲ್ವಿ ತಟ್ಟೆಗಳನ್ನೆಲ್ಲ ಕೆಳಗಿಳಿಸಿ, ತೊಳೆದದ್ದನ್ನೇ ಹುಣಸೆಹಣ್ಣು ಹಾಕಿ ಮತ್ತೊಮ್ಮೆ ತೊಳೆಯಲು ಕೂತಳು.

ಆಕಾಶದಲ್ಲಿ

ಸಭೆಯಲ್ಲಿ ತೋರಿಸಲೆಂದು ಒಂದು ಕಟ್ಟು ತಟ್ಟೆಗಳನ್ನು ಸೀರೆಗಳ ನಡುವೆ ಸುತ್ತಿಟ್ಟಿದ್ದೆ. ಏರ್‌ಪೋರ್ಟಿನಲ್ಲಿ ಪೆಟ್ಟಿಗೆ ಬಿಚ್ಚಿಸಿದರು. ತಪಾಸಣೆಯವನು ಒಂದು ತಟ್ಟೆ ಎತ್ತಿ, ಬೆರಳಿನಿಂದ ಟಣ್ ಎನ್ನಿಸಿ, ಅದರಲ್ಲಿ ತನ್ನ ಮೀಸೆ ನೋಡಿಕೊಂಡು, ಮತ್ತೆ ಸೀರೆಯೊಳಗೇ ಇಟ್ಟ. ಸೆಲ್ವಿ ಉಜ್ಜಿದ್ದು ಅಷ್ಟು ಹೊಳೆಯುತ್ತಿತ್ತು.

ವಿಮಾನದೊಳಗೆ ಚಮಚಕ್ಕೊಂದು ಪ್ಲಾಸ್ಟಿಕ್, ಬ್ರೆಡ್ಡಿಗೊಂದು ಪ್ಲಾಸ್ಟಿಕ್, ಹೊದಿಕೆಗೊಂದು, ಕಿವಿಗೆ ಹಾಕಿಕೊಳ್ಳುವುದಕ್ಕೊಂದು. ನಾನು ಹೆಮ್ಮೆಯಿಂದ ನನ್ನ ಸ್ಟೀಲ್ ಲೋಟ ಮುಂದೆ ಮಾಡಿ ನೀರು ಕೇಳಿದೆ. ಆ ಹುಡುಗಿ ಬಹಳ ವಿನಯದಿಂದ ಬಾಟಲಿ ತೆಗೆದು, ಮೊದಲು ಒಂದು ಪ್ಲಾಸ್ಟಿಕ್ ಲೋಟಕ್ಕೆ ನೀರು ಬಗ್ಗಿಸಿ, ಅದನ್ನು ನನ್ನ ಲೋಟಕ್ಕೆ ಸುರಿದು, ಪ್ಲಾಸ್ಟಿಕ್ ಲೋಟವನ್ನು ಕಸಕ್ಕೆ ಹಾಕಿದಳು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ನಾನು ಲೋಟ ಒಳಗಿಟ್ಟು ಅವಳು ಕೊಟ್ಟದ್ದರಲ್ಲೇ ಕುಡಿದೆ.

ಪಕ್ಕದಲ್ಲಿ ಮೇಡಂ ಮೊದಲಿಂದಲೂ ವಿಮಾನದವರ ಪ್ಲಾಸ್ಟಿಕ್ ಲೋಟದಲ್ಲೇ ಜ್ಯೂಸ್ ಕುಡಿಯುತ್ತಿದ್ದರು. ನಾನು ನೋಡಿದ್ದನ್ನು ಕಂಡು, "ಆಕಾಶದಲ್ಲಿ ನಮ್ ರೂಲ್ಸ್ ನಡ್ಯಲ್ಲ ರತ್ನಾ" ಎಂದು ಜೋರಾಗಿ ನಕ್ಕರು. ನಾನೂ ನಕ್ಕೆ. ವಿಮಾನ ಏರುವಾಗ ನಾನು ಹೆದರಿದ್ದೆ. ಅವರು ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು. ಇಳಿದ ಮೇಲೆ ಚಳಿಗೆ ತಮ್ಮ ಶಾಲನ್ನೇ ತೆಗೆದು ನನಗೆ ಹೊದಿಸಿದರು. ಇದನ್ನೂ ಬರೆಯಬೇಕು. ಬರೆಯದಿದ್ದರೆ ಮುಂದಿನದನ್ನು ನಂಬುವುದು ನಿಮಗೆ ಸುಲಭವಾಗಿಬಿಡುತ್ತದೆ. ನನಗೆ ಅದು ಸುಲಭವಾಗಿರಲಿಲ್ಲ.

ಸಂತೆ ಬೀದಿ

ಊರಿನ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ, ಬರೆದು ಕೆಡಿಸುವುದು ಬೇಡ. ಚರ್ಚಿನ ಎದುರು ವಾರದ ಸಂತೆ. ಕೂಗಾಟವಿಲ್ಲದ ಸಂತೆಯನ್ನು ನಾನು ನೋಡಿದ್ದು ಅದೇ ಮೊದಲು. ಹಲಸೂರಿನ ಬಜಾರ್ ಬೀದಿಯಲ್ಲಿ ಬದನೆಕಾಯಿ ಕೊಳ್ಳಬೇಕಾದರೂ ನಾಲ್ಕು ಭಾಷೆಯಲ್ಲಿ ಜಗಳವಾಡಬೇಕು. ಇಲ್ಲಿ ಒಬ್ಬ ಮುದುಕ ಒಂದೇ ಒಂದು ಕುಂಬಳಕಾಯಿ ಆರಿಸಲು ಅರ್ಧ ಗಂಟೆ ನಿಂತಿದ್ದ, ಹಿಂದೆ ನಿಂತವರು ಕೆಮ್ಮಲೂ ಇಲ್ಲ.

ಒಂದು ಅಂಗಡಿಯಲ್ಲಿ ಬಿಸಿ ಸೇಬಿನ ರಸ ಮಾರುತ್ತಿದ್ದರು. ದಪ್ಪನೆಯ ಪಿಂಗಾಣಿ ಲೋಟ, ಹಿಡಿಯೂ ಇದೆ. ಸ್ವಲ್ಪ ಒತ್ತೆ ಇಟ್ಟು ಲೋಟ ತೆಗೆದುಕೊಳ್ಳುವುದು, ಸಂತೆಯೆಲ್ಲ ಸುತ್ತುತ್ತಾ ಕುಡಿಯುವುದು, ಖಾಲಿ ಲೋಟ ಯಾವ ಅಂಗಡಿಗಾದರೂ ಕೊಟ್ಟು ಒತ್ತೆ ವಾಪಸು ಪಡೆಯುವುದು. ನಮ್ಮ ತಟ್ಟೆ ಮನೆಯನ್ನೇ ಬೀದಿಗೆ ತಂದು ಇಟ್ಟಂತಿತ್ತು. ಅಜ್ಜಿಯರು, ಕಾಲೇಜು ಮಕ್ಕಳು, ರಸ್ತೆ ಗುಡಿಸುವ ಕಿತ್ತಳೆ ಅಂಗಿಯವನು, ಕೋಟು ಹಾಕಿದವರು ಎಲ್ಲರ ಕೈಯಲ್ಲೂ ಅದೇ ಲೋಟ.

ಕುಡಿದು ಮುಗಿಸಿದೆ. ಕಾಲು ತನ್ನಷ್ಟಕ್ಕೆ ನೀರು ಹುಡುಕಿಕೊಂಡು ಹೊರಟಿತು. ಸಂತೆಯ ನಡುವೆ ಒಂದು ಕಲ್ಲಿನ ಕಾರಂಜಿ ಇತ್ತು. ಬಗ್ಗಿ, ಬೆರಳು ಹಾಕಿ ತಿಕ್ಕಿ, ಲೋಟ ತೊಳೆದು, ಬೋರಲು ಹಾಕಿ ಕೊಡವಿದೆ. ಪಕ್ಕದಲ್ಲಿದ್ದ ಒಂದು ನಾಯಿಯ ಮೇಲೆ ನೀರು ಹಾರಿ ಅದು ಬೊಗಳಿತು, ಅದರ ಒಡತಿ ನನ್ನನ್ನು ದುರುಗುಟ್ಟಿದಳು. ನಾನು ಸೆರಗಿನಿಂದ ಲೋಟ ಒರೆಸಿ ಅಂಗಡಿಗೆ ತಂದುಕೊಟ್ಟೆ. ಅಂಗಡಿಯಾಕೆ ಲೋಟದ ಒಳಗೆ ನೋಡಿ, ನನ್ನ ಒದ್ದೆ ಕೈ ನೋಡಿ, ಅವರ ಭಾಷೆ ಬೆರೆತ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಮೇಡಂಗೆ ನಗು ತಡೆಯಲಾಗಲಿಲ್ಲ.

"ಯಾಕ್ ತೊಳೆದ್ರಿ ಅಂತ ಕೇಳ್ತಿದ್ದಾರೆ ಕಣೇ. ತೊಳೆಯದೆ ಹಾಗೇ ಕೊಡಿ, ತೊಳೆಯೋದು ನಮ್ಮ ಕೆಲಸ ಅಂತೆ."

ಅಂಗಡಿಯಾಕೆಯೂ ನಗುತ್ತಿದ್ದಳು. ನನಗೆ ಕಣ್ಣು ತುಂಬಿಬಂತು. ಚಳಿ ಗಾಳಿಗೆ ಎಂದುಕೊಂಡು ಮೇಡಂ ಶಾಲನ್ನು ಇನ್ನೊಂದು ಸುತ್ತು ಸುತ್ತಿದರು.

ನಮ್ಮಪ್ಪನ ಊರು ಹಳೆ ಮದ್ರಾಸ್ ರಸ್ತೆಯಲ್ಲಿ ಕೆ.ಆರ್. ಪುರ ದಾಟಿ ಇನ್ನೂ ಆಚೆ. ಅಲ್ಲಿಯ ಹೋಟೆಲಿನ ಹೊರಗೋಡೆಗೆ ನಾಲ್ಕೈದು ಮೊಳೆ ಹೊಡೆದಿರುತ್ತಿತ್ತು. ಅದಕ್ಕೆ ಸಿಕ್ಕಿಸಿದ ಲೋಟಗಳು ನಮ್ಮವು. ತೆಗೆದುಕೊಳ್ಳಬೇಕು, ಮೇಲಿಂದ ಬಗ್ಗಿಸಿದ್ದನ್ನು ಹಿಡಿದು ಕುಡಿಯಬೇಕು, ತೊಳೆದು ಮತ್ತೆ ಸಿಕ್ಕಿಸಬೇಕು. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಹೋಗಿ ನಾನೂ ತೊಳೆದಿದ್ದೇನೆ. ಒಳಗೆ ಕೂತವರು ಕುಡಿದು ಹಾಗೇ ಎದ್ದು ಹೋಗುತ್ತಿದ್ದರು. ತೊಳೆಯದೆ ಎದ್ದು ಹೋಗುವುದು ಎಷ್ಟು ದೊಡ್ಡ ಸುಖ ಎಂದು ಆಗ ನನಗೆ ಅನ್ನಿಸುತ್ತಿತ್ತು.

ಕೆಲವು ವರ್ಷಗಳ ಮೇಲೆ ಅದೇ ಹೋಟೆಲಿಗೆ ತೆಳ್ಳನೆಯ ಬಿಳಿ ಪ್ಲಾಸ್ಟಿಕ್ ಲೋಟ ಬಂತು. ಅಪ್ಪ ಅವತ್ತು ಕುಡಿದ ಲೋಟವನ್ನು ಎಸೆಯದೆ ಮನೆಗೇ ತಂದರು. "ಇವತ್ತು ಎಲ್ರಿಗೂ ಒಂದೇ ಥರ ಲೋಟ ಕೊಟ್ಟ ಕಣಮ್ಮ" ಎಂದು ಅದನ್ನು ಬಾಬಾಸಾಹೇಬರ ಪಟದ ಕೆಳಗೆ ಗೂಡಿನಲ್ಲಿಟ್ಟರು. ಎಸೆಯುವ ಲೋಟ ಬಂದು ಅಪ್ಪನನ್ನು ತೊಳೆಯುವ ಲೋಟದಿಂದ ಬಿಡಿಸಿತು. ಅಮ್ಮ ಅದರಲ್ಲಿ ಉಪ್ಪು ಅಳೆಯುತ್ತಿದ್ದಳು, ಅದು ಸೀಳು ಬಿಡುವವರೆಗೂ.

ಆದ್ದರಿಂದ ಪ್ಲಾಸ್ಟಿಕ್ ರಾಕ್ಷಸ, ಪ್ಲಾಸ್ಟಿಕ್ ಶನಿ ಎಂದು ವೇದಿಕೆಯ ಮೇಲೆ ಯಾರಾದರೂ ಕೂಗಿದಾಗ ನನಗೆ ಪೂರ್ತಿ ದನಿಗೂಡಿಸಲು ಆಗುವುದಿಲ್ಲ. ಮೋರಿ ಕಟ್ಟಿಕೊಳ್ಳುವಂತೆ ಮಾಡಿದ್ದೂ ಅದೇ ಲೋಟ, ಅಪ್ಪನಿಗೆ ಮರ್ಯಾದೆ ಕೊಟ್ಟದ್ದೂ ಅದೇ ಲೋಟ. ಅದನ್ನು ಬಿಡಿ ಎಂದು ನಮ್ಮ ಜನಕ್ಕೆ ಹೇಳುವಾಗ, ಬದಲಿಗೆ ಕೊಡುವ ಲೋಟ ಎಲ್ಲರ ಬಾಯಿಗೂ ಒಂದೇ ಆಗಿರಬೇಕು. ತಟ್ಟೆ ಮನೆ ನಡೆಸುವವಳಿಗೆ ಇದು ಮೊದಲೇ ಹೊಳೆಯಬೇಕಿತ್ತು, ಹೊಳೆದದ್ದು ಆ ಕಾರಂಜಿಯ ಪಕ್ಕದಲ್ಲಿ.

ಮೇಡಂ ಅವತ್ತು ಎರಡು ಲೋಟ ಸೇಬಿನ ರಸ ಕುಡಿದರು. ಅವರ ಮುಚ್ಚಳದ ಲೋಟ ಚೀಲದಲ್ಲೇ ಇತ್ತು. ಮರೆತಿರಬೇಕು ಎಂದುಕೊಂಡೆ.

ಹೆಲ್ಗಾ ಮನೆ

ನಮ್ಮನ್ನು ಇಳಿಸಿಕೊಂಡಿದ್ದು ಹೆಲ್ಗಾ ಎಂಬ ನಿವೃತ್ತ ಶಾಲಾ ಟೀಚರ್ ಮನೆಯಲ್ಲಿ. ಒಬ್ಬರೇ ಇರುತ್ತಾರೆ, ಜೋರಾಗಿ ಮಾತಾಡುತ್ತಾರೆ. ಅವರ ಅಡುಗೆಮನೆಯಲ್ಲಿ ತೊಳೆದ ಪ್ಲಾಸ್ಟಿಕ್ ಕವರ್‌ಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದ್ದು ನೋಡಿ ನನಗೆ ತವರಿಗೆ ಬಂದಂತಾಯಿತು. ನಮ್ಮಮ್ಮ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು ಗೋಡೆಗೆ ಅಂಟಿಸುತ್ತಿದ್ದಳು, ಒಣಗಿದ ಮೇಲೆ ತಾವಾಗಿ ಕೆಳಗೆ ಬೀಳುತ್ತಿದ್ದವು.

ಆದರೆ ಅವರ ಫ್ರಿಜ್ಜು ತೆಗೆದರೆ ಒಂದೊಂದು ಸೌತೆಕಾಯಿಗೂ ಮೈತುಂಬ ಪ್ಲಾಸ್ಟಿಕ್. ನಾನು ಅದನ್ನು ಎತ್ತಿ ತೋರಿಸಿದಾಗ ಹೆಲ್ಗಾ ಎರಡೂ ಕೈ ಮೇಲೆತ್ತಿ ಅಂಗಡಿಯವರನ್ನು ಬೈದರು. ಕಸಕ್ಕೆ ಮಾತ್ರ ಬಣ್ಣ ಬಣ್ಣದ ಡಬ್ಬಗಳು, ಒಂದೊಂದಕ್ಕೂ ಕಟ್ಟುಪಾಡು. ಟೀ ಪೊಟ್ಟಣವನ್ನು ಅದರ ಪಿನ್ನು ಸಮೇತ ತಪ್ಪು ಡಬ್ಬಕ್ಕೆ ಹಾಕಿದ್ದಕ್ಕೆ ನನಗೆ ಮೊದಲ ದಿನವೇ ಪಾಠವಾಯಿತು. ಹೆಲ್ಗಾ ಡಬ್ಬದೊಳಗೆ ಕೈ ಹಾಕಿ ಪೊಟ್ಟಣ ತೆಗೆದು, ಪಿನ್ನು ಕಿತ್ತು, ದಾರ ಕಿತ್ತು, ಮೂರನ್ನೂ ಮೂರು ಕಡೆ ಹಾಕಿ ತೋರಿಸಿದರು. ಕಸಕ್ಕೆ ಕೈ ಹಾಕಿದ್ದಕ್ಕೆ ಅವರಿಗೆ ಏನೂ ಅನ್ನಿಸಲಿಲ್ಲ, ಅದೇ ಕೈ ತೊಳೆದು ನಮಗೆ ಬ್ರೆಡ್ಡು ಕುಯ್ದುಕೊಟ್ಟರು.

ಅವರ ಮನೆಯ ಕಪ್ಪುಗಳು ಬಿಳಿ, ಅಂಚಿಗೆ ನೀಲಿ ಗೆರೆ, ಒಂದೆರಡು ಚಕ್ಕೆ ಎದ್ದಿದ್ದವು. ಬೆಳಗ್ಗೆ ಸಂಜೆ ಮೇಡಂ ಅವುಗಳಲ್ಲೇ ಕಾಫಿ ಕುಡಿದರು. ಒಂದು ಬೆಳಗ್ಗೆ ಮಾತಿನ ಭರದಲ್ಲಿ ಹೆಲ್ಗಾ ನಮ್ಮ ಮೇಡಂ ಅವರ ಕಪ್ಪನ್ನು ತಮ್ಮದೆಂದು ಎತ್ತಿ ಒಂದು ಗುಟುಕು ಕುಡಿದುಬಿಟ್ಟರು. ತಪ್ಪು ಗೊತ್ತಾಗಿ ಗಾಬರಿಯಿಂದ ಬೇರೆ ಕಪ್ಪು ತರಲು ಎದ್ದರು. ಮೇಡಂ ಅವರ ತೋಳು ಹಿಡಿದು ಕೂರಿಸಿ, ಇಂಗ್ಲಿಷಿನಲ್ಲಿ ಪರವಾಗಿಲ್ಲ ಎಂದು ಅದೇ ಕಪ್ಪಿನಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದರು.

ಎಂಜಲು. ನಮ್ಮ ಕಡೆ ಮಕ್ಕಳೂ ಮೊದಲು ಕಲಿಯುವ ಮಾತು. ಮೇಡಂ ಹೆಲ್ಗಾರ ಎಂಜಲು ಕುಡಿದರು. ಏನೋ ಒಂದು ಲೆಕ್ಕ ತಪ್ಪುತ್ತಿತ್ತು, ಆದರೆ ಅದನ್ನು ಪೂರ್ತಿ ಮಾಡಲು ನನಗೆ ಮನಸ್ಸಿರಲಿಲ್ಲ. ಆ ಲೆಕ್ಕ ಮುಗಿದರೆ ರಾಜ್ಯೋತ್ಸವದ ಊಟ ಏನಾಗುತ್ತದೆ ಎಂಬ ಭಯ.

ಸಭೆ

ಸಭೆ ನಡೆದದ್ದು ಒಂದು ಹಳೆಯ ಶಾಲೆಯ ಹಾಲಿನಲ್ಲಿ. ಕೀನ್ಯಾದವರಿದ್ದರು, ಪೆರುವಿನವರಿದ್ದರು. ನನ್ನ ತಟ್ಟೆಗಳನ್ನು ಮೇಜಿನ ಮೇಲಿಟ್ಟೆ. ಎಲ್ಲರೂ ಎತ್ತಿ ನೋಡಿದರು. ಮೇಡಂ ಚೆಂದದ ಇಂಗ್ಲಿಷಿನಲ್ಲಿ ತಟ್ಟೆ ಮನೆಯ ಕಥೆ ಹೇಳಿದರು. ಹೇಳುತ್ತಾ ಹೇಳುತ್ತಾ, ನಮ್ಮ ಕಾಲೋನಿಯ ಊಟಗಳೆಲ್ಲ ಈಗ ಇದೇ ತಟ್ಟೆಯಲ್ಲಿ ಎಂದುಬಿಟ್ಟರು. ಅಷ್ಟು ಇಂಗ್ಲಿಷು ನನಗೆ ಬರುತ್ತದೆ. ನವೆಂಬರಿಗೆ ಹೇಗೂ ನಿಜವಾಗುತ್ತದೆಯಲ್ಲ, ಸ್ವಲ್ಪ ಮೊದಲೇ ಹೇಳಿದರು ಎಂದು ಸಮಾಧಾನ ಮಾಡಿಕೊಂಡೆ.

ಕೀನ್ಯಾದ ಹೆಂಗಸು ನನ್ನನ್ನೇ ನೋಡಿ ಕೇಳಿದಳು, ನಿಮ್ಮ ಊರಿನಲ್ಲಿ ತಟ್ಟೆ ಬೇಡ ಎನ್ನುವವರು ಇಲ್ಲವೇ, ಏಕೆ ಬೇಡ ಎನ್ನುತ್ತಾರೆ ಎಂದು. ನಾನು ಕನ್ನಡದಲ್ಲಿ ನಿಧಾನವಾಗಿ ಹೇಳಿದೆ.

"ಇದಾರೆ. ನಾವು ಯಾವ ಜಾತಿ ಅಂತ ಗೊತ್ತಿರೋರು, ನಾವು ಉಂಡ ತಟ್ಟೇಲಿ ಉಣ್ಣಲ್ಲ. ಅದಕ್ಕೇ ಎಸೆಯೋ ತಟ್ಟೆ ತಗೋತಾರೆ."

ಮೇಡಂ ಮೈಕಿನಲ್ಲಿ ಹೇಳಿದರು, ಕೆಲವರಿಗೆ ಹೈಜೀನ್ ಬಗ್ಗೆ ಆತಂಕವಿದೆ ಎಂದು. ಎಲ್ಲರೂ ತಲೆಯಾಡಿಸಿದರು. ಒಬ್ಬರು ಎದ್ದು ಬಿಸಿನೀರಿನ ತೊಳೆಯುವ ಯಂತ್ರದ ಬಗ್ಗೆ ಬಹಳ ಹೊತ್ತು ವಿವರಿಸಿದರು. ನಾನು ಆ ಯಂತ್ರದ ಚಿತ್ರ ನೋಡುತ್ತಾ ಕೂತೆ. ಎಷ್ಟು ಕುದಿಯುವ ನೀರು ಹಾಕಿದರೂ ಅದು ತೊಳೆಯಲಾರದ್ದು ಯಾವುದು ಎಂದು ಹೇಳಲು ನನ್ನ ಬಳಿ ಇದ್ದ ಇಂಗ್ಲಿಷು ಸಾಲುತ್ತಿರಲಿಲ್ಲ.

ಹೊರಗೆ ಬಂದಾಗ ಕೇಳಿದೆ. "ನಾನು ಹೇಳಿದ್ದು ಅದಲ್ವಲ್ಲ ಮೇಡಂ."

"ಪರದೇಶದವರ ಮುಂದೆ ನಮ್ಮ ಮನೆ ಕೊಳೆ ಯಾಕೆ ಬಿಚ್ಚಬೇಕು ರತ್ನಾ? ಅದೆಲ್ಲ ಈಗ ಎಲ್ಲಿದೆ? ನೀನು ನಾನು ಒಂದೇ ರೂಮಲ್ಲಿ ಮಲಗ್ತಿಲ್ವಾ?"

ಮಲಗುತ್ತಿದ್ದೆವು, ನಿಜ.

ಕೊನೆಯ ಮಧ್ಯಾಹ್ನ

ಹೊರಡುವ ದಿನ ಹೆಲ್ಗಾಗೆ ನಮ್ಮ ಟೀ ರುಚಿ ತೋರಿಸಬೇಕು ಎನ್ನಿಸಿತು. ಊರಿಂದ ತಂದಿದ್ದ ಟೀ ಪುಡಿ, ಅಲ್ಲಿ ಸಿಕ್ಕಿದ ಶುಂಠಿ. ಚೆನ್ನಾಗಿ ಜಜ್ಜಿ, ಹಾಲು ಗಟ್ಟಿಯಾಗಿ ಹಾಕಿ ಕುದಿಸಿದೆ. ಅವರ ಜರಡಿಯ ತೂತು ದೊಡ್ಡದು, ಶುಂಠಿಯ ನಾರು ಸ್ವಲ್ಪ ಇಳಿಯಿತು. ನೀಲಿ ಗೆರೆಯ ಮೂರು ಕಪ್ಪುಗಳನ್ನು ನಾನೇ ಒರೆಸಿ ಮೇಜಿನ ಮೇಲಿಟ್ಟೆ. ದಿನವೂ ಕಾಫಿ ಕುಡಿಯುತ್ತಿದ್ದ ಅವೇ ಕಪ್ಪುಗಳು.

ಹೆಲ್ಗಾ ಕಪ್ಪಿಗೆ ಬಗ್ಗಿಸಿದೆ. ಮೇಡಂ ಕಪ್ಪಿಗೆ ಬಗ್ಗಿಸಲು ಪಾತ್ರೆ ಎತ್ತಿದಾಗ ಅವರು ಎದ್ದರು.

"ಒಂದ್ನಿಮಿಷ ರತ್ನಾ."

ಒಳಗೆ ಹೋಗಿ ಮುಚ್ಚಳದ ಲೋಟ ತಂದು ಮುಂದೆ ಹಿಡಿದರು.

ಹೆಲ್ಗಾ ಅಚ್ಚರಿಯಿಂದ ಕಪ್ಪು ತೋರಿಸಿ ಇದೆಯಲ್ಲ ಎಂದರು. ಮೇಡಂ ಇಂಗ್ಲಿಷಿನಲ್ಲಿ, ಪ್ಲಾಸ್ಟಿಕ್ ತಪ್ಪಿಸಲು ನನಗೆ ಇದೇ ಅಭ್ಯಾಸ ಎಂದರು. ಹೆಲ್ಗಾ ಪಿಂಗಾಣಿ ಕಪ್ಪನ್ನು ಒಮ್ಮೆ ನೋಡಿ, ಅರ್ಥವಾಗದೆ, ಮೆಚ್ಚಿ ತಲೆಯಾಡಿಸಿದರು. ನಾನು ಲೋಟಕ್ಕೆ ಟೀ ಬಗ್ಗಿಸಿದೆ. ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು. ಮೇಡಂ ಲೋಟ ಹಿಡಿದು ಸ್ವಲ್ಪ ಹೊತ್ತು ಮಾತಾಡಿ, ಹೊರಗಿನ ಬಿಸಿಲು ಚೆನ್ನಾಗಿದೆ ಎಂದು ಬಾಲ್ಕನಿಗೆ ಹೋದರು.

ಆಮೇಲೆ ಒಣಗಿದ ಬಟ್ಟೆ ತರಲು ನಾನು ಬಾಲ್ಕನಿಗೆ ಹೋದೆ. ಮೂಲೆಯ ಕುಂಡದ ಮಣ್ಣು ಒದ್ದೆಯಾಗಿತ್ತು. ಗಿಡದ ಬುಡದಲ್ಲಿ ಹಾಲಿನ ಕೆನೆ, ಅದರ ಮೇಲೆ ಶುಂಠಿಯ ನಾರು. ಬೆರಳಿಟ್ಟು ನೋಡಿದೆ, ಇನ್ನೂ ಬೆಚ್ಚಗಿತ್ತು.

ಟೀ ಚೆನ್ನಾಗಿರಲಿಲ್ಲವೇನೋ ಎಂದು ನೀವು ಹೇಳಬಹುದು. ನಾನೂ ಹಾಗೇ ಹೇಳಿಕೊಂಡೆ. ಹೆಲ್ಗಾ ಎರಡನೆಯ ಕಪ್ಪು ಕೇಳಿ ಹಾಕಿಸಿಕೊಂಡು ಕುಡಿದಿದ್ದರು. ಮೂರು ವರ್ಷದಿಂದ ಮೇಡಂ ನಮ್ಮ ಓಣಿಗೆ ಬರುತ್ತಿದ್ದಾರೆ. ಅವರು ನನ್ನ ಟೀಯನ್ನು ಬಾಯಿಗಿಟ್ಟದ್ದನ್ನು ನೋಡಿದ್ದೇನೆಯೇ ಎಂದು ಬಟ್ಟೆ ಮಡಚುತ್ತಾ ನೆನಪು ಮಾಡಿಕೊಂಡೆ. ಹಾಕಿಸಿಕೊಂಡದ್ದು ನೆನಪಾಯಿತು, ಮುಚ್ಚಳ ತಿರುಗಿಸಿದ್ದು ನೆನಪಾಯಿತು. ದಾರೀಲಿ ಕುಡೀತೀನಿ. ನಮ್ಮ ಓಣಿಯಿಂದ ಅವರ ಕಾಲೋನಿಯವರೆಗೆ ಯಾವ ಮೋರಿಗೆ, ಯಾವ ಮರದ ಬುಡಕ್ಕೆ ಅಷ್ಟು ಟೀ ಹೋಯಿತೋ. ಆ ಲೋಟವನ್ನು ನೋಡಿ ನಾನು ಅರ್ಧ ಓಣಿಗೆ ಪಾಠ ಹೇಳಿದ್ದೆ. ಸಿಟ್ಟಿಗಿಂತ ಮೊದಲು ನನಗೆ ನಾಚಿಕೆಯಾಯಿತು. ಅವರು ಮಾಡಿದ್ದಕ್ಕೆ ನನಗೇಕೆ ನಾಚಿಕೆ ಎಂದು ಆಮೇಲೆ ಇನ್ನಷ್ಟು ಸಿಟ್ಟು ಬಂತು.

ಟಿನ್ ಫ್ಯಾಕ್ಟರಿ

ವಾಪಸು ಬರುವಾಗ ವಿಮಾನದಲ್ಲಿ ನಾನು ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದೆ. ಬೆಂಗಳೂರಿನಲ್ಲಿ ಇಳಿದು ಒಂದೇ ಕಾರಿನಲ್ಲಿ ಹೊರಟೆವು. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ ಎಂದಿನಂತೆ ಗಾಡಿಗಳು ಸಿಕ್ಕಿಕೊಂಡು ನಿಂತಿದ್ದವು. ಬಸ್ಸಿಗೆ ಕಾದವರು ಕಬ್ಬಿನ ಹಾಲು ಕುಡಿದು ಲೋಟಗಳನ್ನು ರಸ್ತೆಗೆ ಎಸೆಯುತ್ತಿದ್ದರು. ಮೇಡಂ ಕಿಟಕಿ ಇಳಿಸಿ ನೋಡಿ, "ನಮ್ ಜನ ಉದ್ಧಾರ ಆಗಲ್ಲ ರತ್ನಾ" ಎಂದು ನಿಟ್ಟುಸಿರು ಬಿಟ್ಟರು.

ಆ ಜನರ ಕೈಯಲ್ಲಿ ಎಲ್ಲರಿಗೂ ಒಂದೇ ಥರದ ಲೋಟವಿತ್ತು. ನಾನು ಕಿಟಕಿಯಾಚೆಗೇ ನೋಡುತ್ತಾ ಕೂತೆ.

"ಯಾಕೆ ಮಾತೇ ಆಡ್ತಿಲ್ಲ?"

"ತಲೆನೋವು ಮೇಡಂ."

ಚೀಲ ತಡಕಿ ಮಾತ್ರೆ ಕೊಟ್ಟರು. ತಮ್ಮ ಲೋಟದಲ್ಲಿದ್ದ ನೀರನ್ನು ಮಾತ್ರ ಕೊಡಲಿಲ್ಲ. ಡ್ರೈವರ್‌ನ ಕೈಯಿಂದ ರಸ್ತೆ ಬದಿಯ ಅಂಗಡಿಯಲ್ಲಿ ನನಗೊಂದು ಪ್ಲಾಸ್ಟಿಕ್ ಬಾಟಲಿ ನೀರು ತರಿಸಿದರು.

ಮತ್ತೆ ಮರ್ಫಿ ಟೌನ್

ರಾಜ್ಯೋತ್ಸವಕ್ಕೆ ಇನ್ನೇನು ವಾರವಿದೆ ಎನ್ನುವಾಗ ಮೇಡಂ ಬಂದರು. ತಟ್ಟೆ ಮನೆಯಲ್ಲಿ ಸೆಲ್ವಿ ಗೋಣಿಚೀಲಗಳಿಗೆ ತಟ್ಟೆ ತುಂಬುತ್ತಿದ್ದಳು. ಬಾಲ್ಕನಿಯ ವಿಷಯವನ್ನು ನಾನು ಅವಳಿಗೆ ಹೇಳಿದ್ದೆ. ಆದರೂ ತುಂಬುತ್ತಿದ್ದಳು. ಮಾತು ಕೊಟ್ಟಿದ್ದಾರೆ, ಊಟವಾಗಲಿ, ಮಿಕ್ಕದ್ದು ಆಮೇಲೆ ನೋಡೋಣ ಎಂಬುದು ಅವಳ ವಾದ.

ಮೇಡಂ ಕುರ್ಚಿಯ ಅಂಚಿನಲ್ಲಿ ಕೂತರು.

"ಕಮಿಟಿಯಲ್ಲಿ ಅಡಿಕೆ ಹಾಳೆ ತಟ್ಟೆ ಅಂತ ತೀರ್ಮಾನ ಆಗೋಯ್ತು ರತ್ನಾ. ನೀರಿಗೆ ಸಣ್ಣ ಬಾಟಲಿ. ನಾನು ಎಷ್ಟು ಹೇಳಿದೆ ಗೊತ್ತಾ? ಹಿರಿಯರು ಒಪ್ಲಿಲ್ಲ. ಹಾಳೆ ತಟ್ಟೆನೂ ಪರಿಸರಕ್ಕೆ ಒಳ್ಳೇದೇ ಅಲ್ವಾ?"

"ಸರಿ ಮೇಡಂ."

"ಆದ್ರೆ ನಿಮ್ಮ ತಟ್ಟೆ ಒಂದು ಕಟ್ಟು ಕಳಿಸಿ. ಮುಂದಿನ ಟೇಬಲ್ ಮೇಲೆ ಜೋಡಿಸಿ ಫೋಟೋ ತೆಗೆಯೋಣ. ಜರ್ಮನಿಯವರು ಕೇಳ್ತಿದ್ದಾರೆ."

ಸೆಲ್ವಿ ಚೀಲದ ಬಾಯಿ ಕಟ್ಟುತ್ತಿದ್ದವಳು ಹಾಗೇ ತಲೆಯೆತ್ತಿದಳು. ಅವಳ ಗಂಡ ಆ ಕಾಲೋನಿಯ ಕಡೆಯೇ ಪೌರಕಾರ್ಮಿಕ.

"ಹೋದ್ವರ್ಷ ನಿಮ್ ಊಟ ಆದ್ಮೇಲೆ ಎಂಜಲೆಲೆ, ಬಾಟ್ಲಿ ಎಲ್ಲಾ ನಮ್ಮೋರೇ ಎತ್ತಿದ್ದು ಮೇಡಂ. ಈ ವರ್ಷನೂ ಅವ್ರೇ ಎತ್ತಬೇಕು. ನೀವು ತಿಂದಿದ್ದನ್ನ ನಾವು ಮುಟ್ಬೋದು. ನಾವು ತೊಳೆದಿದ್ದನ್ನ ನೀವು ಮುಟ್ಟಲ್ವಾ?"

"ಅಯ್ಯೋ, ಹಂಗೆಲ್ಲ ಮಾತಾಡ್ಬೇಡ ಸೆಲ್ವಿ. ನಾನು ಹಂಗೆ ಯೋಚ್ನೆ ಮಾಡೋಳಾ? ರತ್ನನ್ನ ಕೇಳು."

ನಾನು ಒಳಗೆ ಹೋಗಿ ಟೀ ಮಾಡಿದೆ. ಶುಂಠಿ ಜಜ್ಜಿ ಹಾಕಿದೆ. ಹೊರಗೆ ತಂದಾಗ ಮೇಡಂ ಆಗಲೇ ಚೀಲ ತೆರೆದು ಮುಚ್ಚಳದ ಲೋಟ ತೆಗೆಯುತ್ತಿದ್ದರು. ನಾನು ತಟ್ಟೆ ಮನೆಯ ಒಂದು ಲೋಟ ತೆಗೆದುಕೊಂಡು, ಅಂಚಿನವರೆಗೆ ಟೀ ಬಗ್ಗಿಸಿ, ಅವರ ಮುಂದಿನ ಸ್ಟೂಲಿನ ಮೇಲಿಟ್ಟೆ.

"ಇವತ್ತು ಇದರಲ್ಲಿ ಕುಡೀರಿ ಮೇಡಂ. ಕುಡಿದು ತೊಳೀಬೇಡಿ, ಹಾಗೇ ಕೊಡಿ. ತೊಳೆಯೋದು ನಮ್ಮ ಕೆಲಸ."

ಅವರಿಗೆ ಸಂತೆ ನೆನಪಾಯಿತು. ಮುಖದಲ್ಲಿ ಗೊತ್ತಾಯಿತು. ಆಮೇಲೆ ಬಾಲ್ಕನಿಯೂ ನೆನಪಾಗಿರಬೇಕು, ನನ್ನ ಮುಖ ನೋಡುವುದನ್ನು ಬಿಟ್ಟರು. ಕೈ ಲೋಟದವರೆಗೆ ಬಂತು, ಅಂಚನ್ನು ಮುಟ್ಟಿತು, ಬಿಸಿ ತಾಗಿದಂತೆ ಹಿಂದೆ ಹೋಯಿತು. ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರು ಎಂದು ನಾನು ಹೇಳುವುದಿಲ್ಲ.

"ಅಭ್ಯಾಸ ಕಣೇ ರತ್ನಾ. ನಮ್ಮತ್ತೆ ಕಾಲದಿಂದ ಬಂದಿದ್ದು. ಬೇರೆ ಏನೂ ಇಲ್ಲ. ದೇವರಾಣೆ."

"ಹೆಲ್ಗಾ ಮನೇಲಿ ಈ ಅಭ್ಯಾಸ ಇರ್ಲಿಲ್ಲ ಮೇಡಂ."

ಟೀ ಮೇಲೆ ಕೆನೆ ಕಟ್ಟಿತು. ಹೊರಗೆ ಅಂಗನವಾಡಿ ಮಕ್ಕಳು ರಾಜ್ಯೋತ್ಸವಕ್ಕೆಂದು ಹಾಡು ಅಭ್ಯಾಸ ಮಾಡುತ್ತಿದ್ದವು. ಸ್ವಲ್ಪ ಹೊತ್ತಾದ ಮೇಲೆ ಮೇಡಂ ಎದ್ದು, ಚೀಲ ಹೆಗಲಿಗೇರಿಸಿ, ಲೋಟವನ್ನು ದಾಟಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ಫೋಟೋಗೆ ತಟ್ಟೆ ಎಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಸೆಲ್ವಿ ಗೋಣಿಚೀಲದ ಗಂಟು ಬಿಚ್ಚಿ ತಟ್ಟೆಗಳನ್ನು ಒಂದೊಂದಾಗಿ ಹೊರಗೆ ತೆಗೆಯತೊಡಗಿದಳು. ಅವಳು ಸದ್ದು ಮಾಡುತ್ತಲೇ ತೆಗೆದಳು. ನಾನು ಸ್ಟೂಲಿನ ಮೇಲಿದ್ದ ಲೋಟ ಎತ್ತಿಕೊಂಡು, ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ನಿಂತುಕೊಂಡೇ ಕುಡಿದೆ. ಆರಿಹೋಗಿತ್ತು. ಶುಂಠಿ, ಸಕ್ಕರೆ, ಹಾಲು ಎಲ್ಲ ಸರಿಯಾಗಿಯೇ ಇತ್ತು.